ಟಪಟಪದ ಲೆಕ್ಕ

ಔರಾದಿನ ಕಾಕಿಗೆ ಫೋನ್ ಹಚ್ಚಿ "ಮಳಿ ಆಯ್ತಾ ಕಾಕಿ?" ಅಂದೆ. "ಜಿಟಿಜಿಟಿ ಹಚ್ಯಾದಪ್ಪ, ತೊಗರಿಗಿ ಏನೂ ಸಾಲಂಗಿಲ್ಲ" ಅಂದಳು. ಭಾಲ್ಕಿಯ ತಮ್ಮ "ಇಲ್ಲಿ ಧೋ ಅಂತ ಸುರಿಲಾಕತ್ಯಾದ" ಅಂದ. ಬೀದರಿನ ನಮ್ಮ ಮನೆಯ ಪತ್ರಾದ ಮೇಲೆ ಆಗಷ್ಟೇ ಟಪಟಪ ಶುರುವಾಗಿತ್ತು. ಮೂರು ಊರಿನ ಮಳೆಯ ವರದಿ ಮೂರು ಸದ್ದಿನಲ್ಲಿ ಮುಗಿಯಿತು. ಎಷ್ಟು ಮಿಲಿಮೀಟರ್ ಅಂತ ಯಾರೂ ಕೇಳಲಿಲ್ಲ.

ಇಂಥ ಸದ್ದನ್ನು ಹಾಳೆಗೆ ಇಳಿಸಲು ಚೀನೀಯರು ಪಟ್ಟ ಪಾಡು ಕೇಳಬೇಕು. ಅಲ್ಲಿ ಕಾಗುಣಿತವಿಲ್ಲ. ಸದ್ದಿಗೆ ಇದ್ದ ಚಿಹ್ನೆಯನ್ನೇ ಕಡ ತರಬೇಕು, ಇಲ್ಲವೇ ಪಕ್ಕದಲ್ಲಿ 'ಬಾಯಿ' ಎಂಬರ್ಥದ ಪುಟ್ಟ ಚೌಕ ಕೂಡಿಸಿ ಹೊಸದು ಕಟ್ಟಬೇಕು. 'ಸೈನಿಕ' ಎಂಬ ಚಿಹ್ನೆಯ ಬಲಗಾಲು ಕತ್ತರಿಸಿದರೆ ಪಿಂಗ್, ಎಡಗಾಲು ಕತ್ತರಿಸಿದರೆ ಪಾಂಗ್! ಟೇಬಲ್ ಟೆನಿಸ್ಸಿಗೆ ಅಲ್ಲಿ ಇಂದಿಗೂ ಈ ಇಬ್ಬರು ಕುಂಟರದೇ ಹೆಸರು. ಕ್ರಿ.ಶ. 100ರ ಸುಮಾರಿಗೆ ಷು ಷೆನ್ ಕೂಡಿಸಿದ ನಿಘಂಟಿನಲ್ಲಿ 9,353 ಚಿಹ್ನೆಗಳಿದ್ದವು. 1716ರ ಕಾಂಗ್‌ಷಿ ನಿಘಂಟಿಗೆ ಬರುವಾಗ 47,035. ಸದ್ದಷ್ಟೇ ಅಲ್ಲ, ಲೋಕದ ಸಕಲ ವ್ಯವಹಾರವೂ ಸೇರಿ ಇಷ್ಟು.

ನಮಗೆ ಎರಡಕ್ಷರ ಸಾಕು, ಅದನ್ನೇ ಇನ್ನೊಮ್ಮೆ ಅಂದರಾಯ್ತು. ಮಳೆಗೆ ಕರೆಂಟ್ ಹೋಗಿತ್ತು, ಕೂತು ಲೆಕ್ಕ ಹಾಕಿದೆ. ವ್ಯಂಜನ 34. ಹ್ರಸ್ವ ಸ್ವರ ಅ, ಇ, ಉ, ಎ, ಒ ಐದು. ಙ, ಞ, ಣ, ಳ ಮೊದಲಿಗೆ ಬರುವುದಿಲ್ಲ, ತೆಗೆಯಿರಿ: 30×5, ಅಂದರೆ 150. ಎರಡನೇ ಜಾಗಕ್ಕೆ ಙ, ಞ ಮಾತ್ರ ಬಿಟ್ಟರೆ 160. ಗುಣಿಸಿದರೆ 24,000 ಅಚ್ಚು. ಹನಿ ಒಂದೇ ಬಿದ್ದರೆ ಟಪಕ್ಕನೆ, ಬೀಳುತ್ತಲೇ ಇದ್ದರೆ ಟಪಟಪ, ಅಚ್ಚಿಗೆರಡು ರೂಪ. 48,000! ಕಾಂಗ್‌ಷಿ ಚಕ್ರವರ್ತಿಯ ಇಡೀ ನಿಘಂಟಿಗಿಂತ 965 ಹೆಚ್ಚು.

ಎಲ್ಲವೂ ಬಳಕೆಯಲ್ಲಿಲ್ಲ ಅನ್ನಿ. 'ಷೆಬುಷೆಬು' ಅಂದರೆ ಯಾರ ಕಿವಿಯೂ ಒಪ್ಪದು. ಒಪ್ಪಿದವುಗಳ ನಾಜೂಕು ನೋಡಿ: ಕಿಣಿಕಿಣಿ ಅಂದರೆ ಬಳೆ, ಗಣಗಣ ಅಂದರೆ ಪೂಜೆಯ ಕೈಗಂಟೆ, ಘಣಘಣ ಅಂದರೆ ಗುಡಿಯ ಬಾಗಿಲ ಗಂಟೆ. ಒಂದು ಮಹಾಪ್ರಾಣಕ್ಕೆ ಕಂಚಿನ ತೂಕ ಅಷ್ಟು ಏರುತ್ತದೆ. 13ನೇ ಶತಮಾನದ ಕೇಶಿರಾಜ ಅನುಕರಣ ಪದಗಳಿಗೆ ವ್ಯಾಕರಣದಲ್ಲೇ ಜಾಗ ಕೊಟ್ಟ. ಅವನ ಶಬ್ದಮಣಿದರ್ಪಣವನ್ನು 1872ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದ ಕಿಟೆಲ್, 1894ರ ತಮ್ಮ ಸುಮಾರು 70,000 ಶಬ್ದಗಳ ನಿಘಂಟಿನಲ್ಲೂ ಅವನ್ನು ಬಿಡಲಿಲ್ಲ.

1969ರಲ್ಲಿ ಭಾಷಾವಿಜ್ಞಾನಿ ಎಮೆನೋ ದ್ರಾವಿಡ ಭಾಷೆಗಳ ಸದ್ದುಪದಗಳನ್ನೂ ಉತ್ತರದ ಭಾಷೆಗಳವನ್ನೂ ಎದುರುಬದುರು ಇಟ್ಟರು. ವಂಶ ಬೇರೆಯಾದರೂ ಇವು ಎಲ್ಲರ ಕೂಡು ಆಸ್ತಿ ಎಂದು ತೋರಿಸಿದರು. ಬೀದರಿನವರಿಗೆ ಇದು ಹೊಸ ಸುದ್ದಿಯೇನಲ್ಲ. ಬಿದರಿ ಕೆಲಸದ ಓಣಿಯಲ್ಲಿ ದಖನಿ ಆಡುವ ಕುಶಲಕರ್ಮಿ, ಔರಾದಿನಿಂದ ಬಂದ ಮರಾಠಿ ಗಿರಾಕಿ, ಕೈಕೆಲಸದ ಕನ್ನಡ ಹುಡುಗ. ಸುತ್ತಿಗೆ ಬಿದ್ದರೆ ಮೂವರಿಗೂ ಖಟಖಟವೇ.

ರಾತ್ರಿ ಕಾಕಿಯೇ ಫೋನ್ ಮಾಡಿದಳು. "ಈಗ ನೋಡಪ್ಪ, ಧಬಾಧಬಾ ಹೊಡಿಲಾಕತ್ಯಾದ!"

ದೀರ್ಘ ಸ್ವರಗಳನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ.