ಸೋಲಿಲ್ಲದ ಸರದಾರನ ಸೋಲು

ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯ ಹಳ್ಳಿಗರಿಗೆ ಸ್ಪರ್ಧೆಯ ಮೊದಲ ಪಾಠ ಹೇಳಿದ್ದು ಹೋರಿ. ದೀಪಾವಳಿ ಬಂತೆಂದರೆ ಕೊರಳಿಗೆ ಕೊಬ್ಬರಿಯ ಸರ, ಬೆನ್ನಿಗೆ ಜೂಲ ತೊಡಿಸಿದ ಹೋರಿಯನ್ನು ಇಕ್ಕೆಲದಲ್ಲೂ ಕಿಕ್ಕಿರಿದ ಜನದ ನಡುವೆ ಬಿಡುತ್ತಾರೆ. ಹಿಡಿಯಬಂದವರಿಗೆ ಕೊಬ್ಬರಿ ಹರಿಯಗೊಡದೆ ದಾಟಿದ್ದೇ ಗೆದ್ದ ಹೋರಿ. ಯಾರ ಕೈಗೂ ಸಿಕ್ಕದಿರುವ ಗತ್ತಿಗೆ ಈ ನಾಡಿನಲ್ಲಿ ಬೆಲೆ ಹೆಚ್ಚು.

ಈ ಅಭಿರುಚಿ ತಾಲ್ಲೂಕಿನ ಗಡಿಗೆ ನಿಲ್ಲುವಂಥದಲ್ಲ. ಹಾನಗಲ್ಲಿನ ತೆಂಕಣ ನೆರೆಯೇ ಸೊರಬ. 1956ರ ಏಕೀಕರಣದವರೆಗೆ ಒಂದು ಮುಂಬಯಿ ಪ್ರಾಂತದ್ದು, ಇನ್ನೊಂದು ಮೈಸೂರಿನದು; ಆದರೆ ಹೋರಿಯ ಹಬ್ಬ ಎರಡೂ ಕಡೆಯದು. ಆ ಸೊರಬದ ಕುಬಟೂರಿನಲ್ಲಿ, ಕೈಟಭೇಶ್ವರನ ಗುಡಿಯ ಊರಿನಲ್ಲಿ, ಹುಟ್ಟಿದವರು ಎಸ್. ಬಂಗಾರಪ್ಪನವರು. ರಾಜಕಾರಣದ ನಡುವೆಯೂ ಷಟಲ್ ಬ್ಯಾಡ್ಮಿಂಟನ್ನಿನ ರ‍್ಯಾಕೆಟ್ಟನ್ನೂ ಸಂಗೀತದ ಗೀಳನ್ನೂ ಬಿಡದಿದ್ದ ಈ ವ್ಯಕ್ತಿಯ ಬಾಳಿನಲ್ಲಿ ಆಟಕ್ಕೂ ಅಧಿಕಾರಕ್ಕೂ ಇರುವ ನಂಟನ್ನು ನೋಡಬಹುದು.

ಸಮಾಜವಾದಿಗಳ ಗರಡಿಯಲ್ಲಿ ಪಳಗಿದ ಅವರು 1967ರಲ್ಲಿ ಸೊರಬದಿಂದ ವಿಧಾನಸಭೆಯನ್ನು ಪ್ರವೇಶಿಸಿದರು. 1994ರವರೆಗೆ ಏಳು ಚುನಾವಣೆ, ಏಳೂ ಗೆಲುವು. ಸಮಾಜವಾದಿ ಪಕ್ಷ, ಕಾಂಗ್ರೆಸ್ಸು, ಕ್ರಾಂತಿರಂಗ, ಮತ್ತೆ ಕಾಂಗ್ರೆಸ್ಸು, ಕೊನೆಗೆ ತಾವೇ ಕಟ್ಟಿದ ಕರ್ನಾಟಕ ಕಾಂಗ್ರೆಸ್ ಪಕ್ಷ: ಬಾವುಟ ಬದಲಾದರೂ ಮತದಾರ ಬದಲಾಗಲಿಲ್ಲ. ಪಕ್ಷಗಳೆಲ್ಲ ಹಿಡಿಯಲು ಕೈಚಾಚಿದವು; ಹೋರಿ ದಾಟುತ್ತಲೇ ಹೋಯಿತು. ಜನ ‘ಸೋಲಿಲ್ಲದ ಸರದಾರ’ ಎಂದು ಕರೆದರು. ಮೆಚ್ಚಿದವರಿಗೆ ಅದು ಸ್ವಾಭಿಮಾನ, ಮೆಚ್ಚದವರಿಗೆ ಚಾಂಚಲ್ಯ. ಎರಡರಲ್ಲೂ ದಿಟವಿದೆ.

1990ರ ಅಕ್ಟೋಬರಿನಿಂದ 1992ರ ನವೆಂಬರಿನವರೆಗೆ ಅವರು ಮುಖ್ಯಮಂತ್ರಿಗಳಾಗಿದ್ದರು. ವಸತಿಗೆ ಆಶ್ರಯ, ಗುಡಿಗಳ ಜೀರ್ಣೋದ್ಧಾರಕ್ಕೆ ಆರಾಧನಾ, ಗ್ರಾಮೀಣ ಕಸುಬುಗಳಿಗೆ ವಿಶ್ವ ಯೋಜನೆಗಳು ಆ ಕಾಲದವು. ಹಳ್ಳಿಯಲ್ಲಿ ಓದಿದವರಿಗೆ ಸರ್ಕಾರಿ ನೌಕರಿಯ ಆಯ್ಕೆಯಲ್ಲಿ ಕೃಪಾಂಕ ನೀಡಿದ್ದು ಅಧ್ಯಾಪಕರೂ ವಿದ್ಯಾರ್ಥಿಗಳೂ ವಿಶೇಷವಾಗಿ ನೆನೆಯಬೇಕಾದ ಸಂಗತಿ. ಓಟದ ಗೆರೆ ಎಲ್ಲರಿಗೂ ಒಂದೇ ಕಡೆ ಇಲ್ಲವೆಂಬುದನ್ನು ಆಟ ಬಲ್ಲವನು ಬೇಗ ಅರಿಯುತ್ತಾನೆ.

ಆದರೆ ಆಟ ಕಲಿಸುವ ಪಾಠಗಳಲ್ಲಿ ಕಠಿನವಾದುದು ಸೋಲಿನದು. ಸ್ಕಾಟ್‌ಲೆಂಡಿನಲ್ಲಿ ಹುಟ್ಟಿ ಕೆನಡದಲ್ಲಿ ಹಬ್ಬಿದ ಕರ್ಲಿಂಗ್ ಎಂಬ ಆಟದಲ್ಲಿ ಮಂಜುಗಡ್ಡೆಯ ಮೇಲೆ ಭಾರಿ ಕಲ್ಲುಗಳನ್ನು ಜಾರಿಸುತ್ತಾರೆ. ಗೆಲುವು ಕೈಮೀರಿತೆಂದು ಕಂಡೊಡನೆ, ಆಟ ಮುಗಿಯುವ ಮೊದಲೇ, ಎದುರಾಳಿಯ ಕೈಕುಲುಕಿ ಸೋಲೊಪ್ಪುವುದು ಅಲ್ಲಿನ ಮರ್ಯಾದೆ. ರಾಜಕಾರಣದಲ್ಲಿ ಅಂಥ ರೂಢಿಯಿಲ್ಲ. ಅಲ್ಲಿ ಸೋತವನು ಮತ್ತೆ ಕಣಕ್ಕಿಳಿಯುವುದೇ ಸೋಲಿಗೆ ಕೊಡುವ ಉತ್ತರ. 1996ರಲ್ಲಿ ಶಿವಮೊಗ್ಗದಿಂದ ಲೋಕಸಭೆಗೆ ಹೋದ ಬಂಗಾರಪ್ಪನವರು 1998ರಲ್ಲಿ ಸೋತರು. ಬಿರುದು ಅಂದಿಗೆ ಮುರಿಯಿತು, ಮನುಷ್ಯ ಮುರಿಯಲಿಲ್ಲ. 1999ರಲ್ಲಿ ಕಾಂಗ್ರೆಸ್ಸಿನಿಂದ, 2004ರಲ್ಲಿ ಭಾರತೀಯ ಜನತಾ ಪಕ್ಷದಿಂದ, 2005ರ ಉಪಚುನಾವಣೆಯಲ್ಲಿ ಸಮಾಜವಾದಿ ಪಕ್ಷದಿಂದ ಗೆದ್ದರು. 2009ರಲ್ಲಿ ಮತ್ತೆ ಸೋತರು. 2011ರ ಡಿಸೆಂಬರ್ 26ರಂದು ತೀರಿಕೊಂಡಾಗ ಅವರು ಜಾತ್ಯತೀತ ಜನತಾದಳದಲ್ಲಿದ್ದರು.

ಆಟದಂಗಳದ ಬಲೆ ಮನೆಯೊಳಗೂ ಬಿತ್ತು. 2004ರಲ್ಲಿ ಸೊರಬದ ಕಣದಲ್ಲಿ ಮಕ್ಕಳಾದ ಕುಮಾರ್ ಬಂಗಾರಪ್ಪ, ಮಧು ಬಂಗಾರಪ್ಪ ಇದಿರು ಬದಿರಾದರು; ಕುಮಾರ್ ಗೆದ್ದರು. 2008ರಲ್ಲಿ ಇಬ್ಬರೂ ಸೋತರು. 2013ರಲ್ಲಿ ಮಧು, 2018ರಲ್ಲಿ ಕುಮಾರ್, 2023ರಲ್ಲಿ ಪುನಃ ಮಧು ಗೆದ್ದರು. ತಂದೆಗೆ ಏಳು ಸಲ ಒಂದೇ ಉತ್ತರ ಕೊಟ್ಟ ಮತದಾರ ಮಕ್ಕಳಿಗೆ ಸರದಿಯಂತೆ ಅಂಕ ಹಂಚಿದ.

ಬ್ಯಾಡ್ಮಿಂಟನ್ನಿನಲ್ಲಿ ಪ್ರತಿ ಆಟದ ಕೊನೆಗೂ ಅಂಗಳದ ಪಕ್ಕ ಬದಲಿಸಬೇಕೆಂಬುದು ನಿಯಮ. ಪಕ್ಕ ಬದಲಿಸಿದವನನ್ನು ಯಾರೂ ದೂರುವುದಿಲ್ಲ. ರಾಜಕೀಯದಲ್ಲಿ ದೂರುತ್ತಾರೆ, ದೂರಬೇಕಾದುದೂ ಉಂಟು. ಏಕೆಂದರೆ ಅಲ್ಲಿ ಆಟಗಾರನೊಡನೆ ನಂಬಿದ ಜನವೂ ಅಂಗಳ ದಾಟಬೇಕಾಗುತ್ತದೆ.