ಕುಡಿಯುವ ನೀರಿನಲ್ಲಿ ವಿಷಲೋಹಗಳು

ಮೈಸೂರು ನಗರಕ್ಕೆ ಕಾವೇರಿ ಮತ್ತು ಕಬಿನಿ ನದಿಗಳ ನೀರನ್ನು ಶುದ್ಧೀಕರಿಸಿ ಪೂರೈಸಲಾಗುತ್ತದೆ. ಆದರೆ ನಗರದಂಚಿನ ಬಡಾವಣೆಗಳಲ್ಲಿಯೂ ಸುತ್ತಮುತ್ತಲ ಹಳ್ಳಿಗಳಲ್ಲಿಯೂ ಕೊಳವೆ ಬಾವಿಯ ನೀರನ್ನೇ ಕುಡಿಯುವ ಮನೆಗಳುಂಟು. ನೀರು ತಿಳಿಯಾಗಿದ್ದು, ಬಾಯಿಗೆ ಸಿಹಿಯಾಗಿದ್ದು, ಅದರಲ್ಲಿ ಬೇಳೆ ಚೆನ್ನಾಗಿ ಬೆಂದರೆ ಒಳ್ಳೆಯ ನೀರೆಂದು ತೀರ್ಮಾನಿಸುವುದು ನಮ್ಮಲ್ಲಿ ವಾಡಿಕೆ. ಇದರಿಂದ ನೀರಿನ ಗಡಸುತನ ಮತ್ತು ಉಪ್ಪಿನಂಶ ತಿಳಿಯಬಹುದು. ಆರ್ಸೆನಿಕ್, ಸೀಸ, ಕ್ಯಾಡ್ಮಿಯಂಗಳಂತಹ ವಿಷವಸ್ತುಗಳಿವೆಯೇ ಎಂಬುದು ತಿಳಿಯದು. ಅವುಗಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯೂ ಇಲ್ಲ. ನಮ್ಮ ರಾಜ್ಯದಲ್ಲಿಯೇ ನಡೆದ ಒಂದು ಪ್ರಸಂಗ ಇದನ್ನು ಸ್ಪಷ್ಟಪಡಿಸುತ್ತದೆ.

ಕಿರದಳ್ಳಿ ತಾಂಡಾದ ಪಾಠ

ಯಾದಗಿರಿ ಜಿಲ್ಲೆಯ ಸುರಪುರ ಸೀಮೆಯಲ್ಲಿ ಮಂಗಳೂರು ಎಂಬ ಊರಿದೆ. ಇದು ಕರಾವಳಿಯ ಮಂಗಳೂರಲ್ಲ. ಇಲ್ಲಿ ಹಳೆಯದೊಂದು ಚಿನ್ನದ ಗಣಿಯಿತ್ತು. ಚಿನ್ನದ ಅದಿರಿನೊಡನೆ ಆರ್ಸೆನಿಕ್ ಇರುವ ಖನಿಜವೂ ಸೇರಿರುವುದುಂಟು. ಅದಿರನ್ನು ಪುಡಿಮಾಡಿ ಚಿನ್ನ ತೆಗೆದ ಮೇಲೆ ಉಳಿದ ರಾಶಿ ಗಾಳಿ ಮಳೆಗೆ ಸಿಕ್ಕಿ, ಅದರೊಳಗಿನ ವಿಷ ಮಣ್ಣಿಗೂ ಅಂತರ್ಜಲಕ್ಕೂ ಇಳಿಯಬಲ್ಲದು. ನಮ್ಮ ಹಿರಿಯರು ಶಂಖಪಾಷಾಣ ಎಂದು ಕರೆಯುತ್ತಿದ್ದ ವಿಷ ಇದೇ ಆರ್ಸೆನಿಕ್ಕಿನ ಒಂದು ರೂಪ.

ಈ ಗಣಿಯ ಸಮೀಪದ ಕಿರದಳ್ಳಿ ತಾಂಡಾದ ಜನರಲ್ಲಿ ಚರ್ಮದ ವಿಕಾರಗಳು ಕಾಣಿಸಿಕೊಂಡವು. ಜಾದವಪುರ ವಿಶ್ವವಿದ್ಯಾನಿಲಯದ ದೀಪಂಕರ ಚಕ್ರವರ್ತಿ ಮತ್ತು ಸಂಗಡಿಗರು ಈ ಪ್ರದೇಶದಲ್ಲಿ ನಡೆಸಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಪರೀಕ್ಷಿಸಿದ 59 ಕೊಳವೆ ಬಾವಿಗಳ ಪೈಕಿ ಶೇಕಡಾ 79ರಲ್ಲಿ ಆರ್ಸೆನಿಕ್ ಲೀಟರಿಗೆ 0.01 ಮಿಲಿಗ್ರಾಂ ಮಿತಿಯನ್ನು ಮೀರಿತ್ತು. ಅತಿ ಹೆಚ್ಚಿನ ಪ್ರಮಾಣ 0.303 ಮಿಲಿಗ್ರಾಂ, ಎಂದರೆ ಮಿತಿಯ ಮೂವತ್ತು ಪಟ್ಟು. ತಪಾಸಣೆಗೊಳಗಾದ 181 ಮಂದಿಯಲ್ಲಿ ಶೇಕಡಾ 58.6ರಷ್ಟು ಜನರಿಗೆ ಆರ್ಸೆನಿಕ್ಕಿನಿಂದಾದ ಚರ್ಮದ ಲಕ್ಷಣಗಳಿದ್ದವು.

ದೇಹದ ಮೇಲಾಗುವ ಪರಿಣಾಮ

ಆರ್ಸೆನಿಕ್: ಇದು ಒಂದೆರಡು ದಿನಗಳಲ್ಲಿ ತನ್ನ ಕೇಡನ್ನು ತೋರದು. ಸಾಮಾನ್ಯವಾಗಿ ಐದು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಕುಡಿದ ನಂತರ ಎದೆ ಮತ್ತು ಬೆನ್ನಿನ ಮೇಲೆ ಮಳೆಹನಿ ಬಿದ್ದಂತೆ ಕಪ್ಪು ಬಿಳಿ ಚುಕ್ಕೆಗಳು ಮೂಡುತ್ತವೆ. ಅಂಗೈ ಅಂಗಾಲುಗಳು ಒರಟಾಗಿ ಆಣಿಯಂತಹ ಗಂಟುಗಳೇಳುತ್ತವೆ. ಮುಂದೆ ಚರ್ಮ, ಶ್ವಾಸಕೋಶ ಹಾಗೂ ಮೂತ್ರಕೋಶದ ಕ್ಯಾನ್ಸರ್ ಬರುವ ಸಂಭವ ಹೆಚ್ಚು. ಇದು ಅಂಟುರೋಗವಲ್ಲ, ಕುಷ್ಠವೂ ಅಲ್ಲ. ಇಂತಹವರನ್ನು ದೂರವಿಡುವುದು ತಪ್ಪು.

ಸೀಸ: ಇದು ಎಲುಬಿನಲ್ಲಿ ಸೇರಿಕೊಂಡು ದಶಕಗಳ ಕಾಲ ಉಳಿಯುತ್ತದೆ. ಗರ್ಭಿಣಿಯ ಎಲುಬಿನಿಂದ ಬಿಡುಗಡೆಯಾಗಿ ಹೊಟ್ಟೆಯಲ್ಲಿರುವ ಶಿಶುವನ್ನೂ ತಲುಪಬಲ್ಲದು. ಮಕ್ಕಳ ದೇಹ ದೊಡ್ಡವರಿಗಿಂತ ಹೆಚ್ಚು ಸೀಸವನ್ನು ಹೀರಿಕೊಳ್ಳುವುದರಿಂದ ಅವರ ಬುದ್ಧಿಶಕ್ತಿ ಕುಂದುತ್ತದೆ. ದೊಡ್ಡವರಲ್ಲಿ ರಕ್ತದೊತ್ತಡ ಏರುತ್ತದೆ, ಮೂತ್ರಪಿಂಡ ಕೆಡುತ್ತದೆ.

ಕ್ಯಾಡ್ಮಿಯಂ: ಇದು ಮೂತ್ರಪಿಂಡಗಳಲ್ಲಿ ಶೇಖರಗೊಳ್ಳುತ್ತದೆ. ಜಪಾನಿನ ಜಿಂಜೂ ನದಿಗೆ ಗಣಿಯ ತ್ಯಾಜ್ಯ ಸೇರಿ, ಆ ನೀರು ಹಾಯಿಸಿದ ಗದ್ದೆಗಳ ಅಕ್ಕಿಯನ್ನುಂಡವರ ಎಲುಬುಗಳು ಮೆತ್ತಗಾಗಿ ಮುರಿಯತೊಡಗಿದವು. ಇದಕ್ಕೆ ಕ್ಯಾಡ್ಮಿಯಂ ಕಾರಣವೆಂದು ಅಲ್ಲಿನ ಸರ್ಕಾರ 1968ರಲ್ಲಿ ಒಪ್ಪಿಕೊಂಡಿತು. ವಿಷಲೋಹ ಬೆಳೆಯ ಮೂಲಕವೂ ನಮ್ಮನ್ನು ಸೇರಬಲ್ಲದೆಂಬುದನ್ನು ರೈತರು ಗಮನಿಸಬೇಕು.

ಪರೀಕ್ಷೆ ಮಾಡಿಸುವ ಕ್ರಮ

ಎಲ್ಲ ಬಾವಿಗಳಲ್ಲಿಯೂ ವಿಷವಿದೆಯೆಂದು ಹೆದರಬೇಕಾಗಿಲ್ಲ. ಆದರೆ ಹಳೆಯ ಗಣಿ, ಕೈಗಾರಿಕಾ ಪ್ರದೇಶ, ಲೋಹಲೇಪನದ ಕಾರ್ಖಾನೆ, ಹಳೆ ಬ್ಯಾಟರಿ ಒಡೆಯುವ ಜಾಗ ಅಥವಾ ಕಸ ಸುರಿಯುವ ಸ್ಥಳದ ಹತ್ತಿರವಿರುವ ಬಾವಿಗಳ ನೀರನ್ನು ಪರೀಕ್ಷಿಸುವುದು ಅಗತ್ಯ.

1. ಗ್ರಾಮೀಣ ಕುಡಿಯುವ ನೀರು ಇಲಾಖೆಯ ಜಿಲ್ಲಾ ಪ್ರಯೋಗಾಲಯವನ್ನು ವಿಚಾರಿಸಿರಿ. ಸಾಮಾನ್ಯ ಪರೀಕ್ಷೆಯಲ್ಲಿ ಲೋಹಗಳು ಸೇರಿರದಿರಬಹುದು. ಆದುದರಿಂದ ಆರ್ಸೆನಿಕ್, ಸೀಸ, ಕ್ಯಾಡ್ಮಿಯಂ ಎಂದು ಹೆಸರು ಹೇಳಿ ಕೇಳಿರಿ.

2. ಲೋಹ ಪರೀಕ್ಷೆಯ ಮಾದರಿಗೆ ಆಮ್ಲ ಬೆರೆಸಬೇಕಾಗುತ್ತದೆ. ಸೀಸೆಯನ್ನು ಪ್ರಯೋಗಾಲಯದಿಂದಲೇ ಪಡೆದು, ಅವರು ಹೇಳಿದಂತೆ ತುಂಬಿರಿ.

3. ನೆರೆಯವರ ಬಾವಿ ಚೆನ್ನಾಗಿದೆಯೆಂದು ಸುಮ್ಮನಾಗಬೇಡಿ. ಅಕ್ಕಪಕ್ಕದ ಬಾವಿಗಳಲ್ಲಿಯೂ ಬಹಳ ವ್ಯತ್ಯಾಸವಿರಬಹುದು.

4. ಭಾರತೀಯ ಮಾನಕದಂತೆ ಪ್ರತಿ ಲೀಟರಿಗೆ ಆರ್ಸೆನಿಕ್ 0.01, ಸೀಸ 0.01, ಕ್ಯಾಡ್ಮಿಯಂ 0.003 ಮಿಲಿಗ್ರಾಂ ಮೀರಬಾರದು.

ಪರಿಹಾರ

ಕುದಿಸುವುದರಿಂದ ರೋಗಾಣುಗಳು ಸಾಯುತ್ತವೆ, ಲೋಹ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಲೋಹದ ಸಾಂದ್ರತೆ ಏರುತ್ತದೆ. ಬಟ್ಟೆಯಲ್ಲಿ ಸೋಸುವುದರಿಂದಲೂ ಪ್ರಯೋಜನವಿಲ್ಲ. ಆರ್‌ಓ ಯಂತ್ರಗಳು ಲೋಹಗಳನ್ನು ಬಹುಮಟ್ಟಿಗೆ ತೆಗೆಯುತ್ತವೆ. ಆದರೆ ಯಂತ್ರದಿಂದ ಬಂದ ನೀರನ್ನೂ ಪರೀಕ್ಷಿಸಬೇಕು. ಹೊರಹಾಕುವ ನೀರಿನಲ್ಲಿ ವಿಷ ಹೆಚ್ಚಾಗಿರುವುದರಿಂದ ಅದನ್ನು ದನಕರುಗಳಿಗೆ ಕುಡಿಸಬಾರದು.

ಮಿತಿ ಮೀರಿದ ಬಾವಿಗೆ ಕೆಂಪು ಬಣ್ಣ ಬಳಿದು, ಕುಡಿಯುವುದಕ್ಕೂ ಅಡಿಗೆಗೂ ಬೇರೆ ನೀರನ್ನು ಬಳಸುವುದೇ ಉತ್ತಮ ಮಾರ್ಗ. ಸ್ನಾನಕ್ಕೆ, ಬಟ್ಟೆ ಒಗೆಯಲು ಆರ್ಸೆನಿಕ್ ಇರುವ ನೀರಿನಿಂದ ಹೆಚ್ಚಿನ ಅಪಾಯವಿಲ್ಲ. ಶುಚಿಯಾದ ಛಾವಣಿಯಿಂದ, ಮೊದಲ ಮಳೆಯ ನೀರನ್ನು ಹೊರಬಿಟ್ಟು, ಆನಂತರದ್ದನ್ನು ಮುಚ್ಚಿದ ತೊಟ್ಟಿಯಲ್ಲಿ ಸಂಗ್ರಹಿಸಬಹುದು. ಅದನ್ನು ಕುದಿಸಿ ಕುಡಿಯಬೇಕು.

ವಿಸ್ತರಣಾ ಕಾರ್ಯಕರ್ತರು ಮನೆಗಳಿಗೆ ಹೋದಾಗ ಜನರ ಅಂಗೈಗಳನ್ನೂ ನೋಡಬೇಕು. ಒಂದೇ ಬಾವಿಯ ನೀರು ಕುಡಿಯುವ ಹಲವರಲ್ಲಿ ಗಂಟುಗಳು ಕಂಡರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ, ಬಾವಿಯ ನೀರನ್ನು ಕೂಡಲೇ ಪರೀಕ್ಷೆಗೆ ಕಳುಹಿಸಬೇಕು. ಆರಂಭದಲ್ಲಿಯೇ ನೀರು ಬದಲಾಯಿಸಿದರೆ ಚುಕ್ಕೆಗಳು ಕ್ರಮೇಣ ಕಡಿಮೆಯಾಗಬಹುದು. ತಡವಾದರೆ ಕ್ಯಾನ್ಸರಿನ ಅಪಾಯ ನೀರು ಬಿಟ್ಟ ನಂತರವೂ ವರ್ಷಗಟ್ಟಲೆ ಉಳಿಯುತ್ತದೆ.