ಮತದಾನಕ್ಕೆ ಮುಂಜಾವೇ ಮುಹೂರ್ತ

ಹಕ್ಕು ದೊರೆಯುವದು ಬೇರೆ, ದೊರೆತ ಹಕ್ಕನ್ನು ಹೊತ್ತಿಗೆ ಸರಿಯಾಗಿ ಚಲಾಯಿಸುವದು ಬೇರೆ. ಮತದಾನದ ದಿವಸ ನಮ್ಮ ಜನರಲ್ಲಿ ಅನೇಕರು ಬೆಳಗಿನ ಹೊತ್ತನ್ನು ‘ಇನ್ನೂ ದಿನವೆಲ್ಲ ಇದೆಯಲ್ಲ’ ಎಂದು ಕಳೆಯುತ್ತಾರೆ. ಮಧ್ಯಾಹ್ನವನ್ನು ಬಿಸಿಲಿನ ನೆವದಿಂದ ಕಳೆಯುತ್ತಾರೆ. ಸಂಜೆಗೆ ಪಾಳಿಯ ಉದ್ದವನ್ನು ಕಂಡು ಮನೆಗೆ ಮರಳುತ್ತಾರೆ. ಇವರು ರಾಜ್ಯದ ಮೇಲೆ ಮುನಿದವರಲ್ಲ, ಉಮೇದುವಾರರಲ್ಲಿ ನಂಬಿಕೆಗೆಟ್ಟವರೂ ಅಲ್ಲ. ಬರಿಯ ಆಲಸ್ಯದಿಂದ ಮತವನ್ನು ಕಳೆದುಕೊಂಡವರು. ಇಂಥವರಿಗೆ ನಾವು ಹೇಳಬೇಕಾದುದು ಒಂದೇ ಮಾತು: ಮತ ಹಾಕುವದನ್ನು ಮುಂಜಾನೆಯೇ ಮುಗಿಸಿರಿ.

ಈ ಮಾತನ್ನು ಬರೆಯುವಾಗ ಹುನಗುಂದ ತಾಲೂಕಿನ ಐಹೊಳೆಯು ನಮ್ಮ ಕಣ್ಣ ಮುಂದಿದೆ. ಆ ಊರಿನ ಮೇಗುತಿ ಗುಡಿಯ ಗೋಡೆಯಲ್ಲಿ ರವಿಕೀರ್ತಿಯು ಕ್ರಿ.ಶ. 634ರಲ್ಲಿ ಇಮ್ಮಡಿ ಪುಲಕೇಶಿಯ ವಿಜಯಗಳನ್ನು ಬರೆಯಿಸಿದನು. ಕಲಿವರ್ಷ 3735, ಶಕವರ್ಷ 556 ಎಂದು ಕಾಲವನ್ನೂ ತಪ್ಪದೆ ಗುರುತಿಸಿದನು. ಅದೇ ಊರಿನ ಹೆಸರನ್ನು ಹೊತ್ತ ಅಯ್ಯಾವೊಳೆಯ ಐನೂರ್ವರ ವರ್ತಕ ಸಂಘವು ಕನ್ನಡ, ತೆಲುಗು, ತಮಿಳು ನಾಡುಗಳ ಶಾಸನಗಳಲ್ಲೆಲ್ಲ ಕೀರ್ತಿಯನ್ನು ಉಳಿಸಿದೆ. ಆದರೆ ಅದು ವರ್ತಕರ ಸಂಘವೇ ಹೊರತು ಊರಿನ ಸಮಸ್ತರ ಸಭೆಯಲ್ಲ. ಮುಂದೆ ಬ್ರಿಟಿಷರ ಆಳಿಕೆಯಲ್ಲಿ ಈ ಸೀಮೆಯು ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆಗೆ ಸೇರಿದ್ದಾಗ, 1937ರ ಚುನಾವಣೆಯಲ್ಲಿಯೂ ಆಸ್ತಿ, ತೆರಿಗೆ, ವಿದ್ಯೆಗಳ ಕಟ್ಟಳೆಗೆ ಒಳಪಟ್ಟವರಿಗೆ ಮಾತ್ರ ಮತವಿದ್ದಿತು. ಉಳುವವನಿಗೂ ನೇಯುವವನಿಗೂ, ಅವರ ಹೆಂಡಿರಿಗೂ ನಿರ್ಬಂಧವಿಲ್ಲದೆ ಮತವು ಬಂದುದು 1951–52ರಲ್ಲಿ. ಆಗ 21 ವರ್ಷಕ್ಕೆ ಇದ್ದ ವಯಸ್ಸಿನ ಮಿತಿಯು 1989ರಿಂದ 18ಕ್ಕೆ ಇಳಿಯಿತು. ಇಷ್ಟು ಶತಮಾನ ಕಾದು ಬಂದ ಹಕ್ಕನ್ನು ಒಂದು ಮುಂಜಾವಿನ ನಿದ್ದೆಗೆ ಮಾರುವದು ಯಾವ ನ್ಯಾಯ?

ಕೆಲವು ಪರದೇಶಗಳಲ್ಲಿ, ಮುಖ್ಯವಾಗಿ ಅಮೇರಿಕೆಯ ಅನೇಕ ಸಂಸ್ಥಾನಗಳಲ್ಲಿ, ನಿಗದಿಯಾದ ದಿನಕ್ಕೆ ವಾರಗಳ ಮೊದಲೇ ಸರ್ವರೂ ಮತ ಹಾಕುವ ಅನುಕೂಲವಿದೆ. ನಮ್ಮಲ್ಲಿ ಆ ಸೌಕರ್ಯವು ಕೆಲವರಿಗೆ ಮಾತ್ರ. ಸೈನಿಕರು, ಚುನಾವಣೆಯ ಕಾರ್ಯಕ್ಕೆ ನಿಯುಕ್ತರಾದ ನೌಕರರು ಮೊದಲಾದವರಿಗೆ ಟಪಾಲಿನ ಮತವುಂಟು. 2023ರ ನಮ್ಮ ವಿಧಾನಸಭೆಯ ಚುನಾವಣೆಯಲ್ಲಿ 80 ವರ್ಷ ದಾಟಿದ ವೃದ್ಧರಿಗೂ ಅಂಗವಿಕಲರಿಗೂ ಮನೆಯಲ್ಲಿಯೇ ಮತ ಹಾಕುವ ಏರ್ಪಾಡಾಯಿತು. 2024ರಲ್ಲಿ ವಯಸ್ಸಿನ ಮಿತಿಯನ್ನು 85ಕ್ಕೆ ಏರಿಸಲಾಯಿತು. ಇದನ್ನು ಬಯಸುವವರು ಅಧಿಸೂಚನೆಯಾದ 5 ದಿನಗಳೊಳಗೆ 12-ಡಿ ನಮೂನೆಯನ್ನು ತುಂಬಿ ಕೊಡಬೇಕು. ಮನೆಯಲ್ಲಿ ಹಿರಿಯರಿರುವವರು ಇದನ್ನು ಮರೆಯಬಾರದು. ಉಳಿದ ನಮಗೆಲ್ಲ ಇರುವದು ಒಂದೇ ದಿನ. ಕರ್ನಾಟಕದಲ್ಲಿ 2023ರಲ್ಲಿಯೂ 2024ರಲ್ಲಿಯೂ ಅದು ಬೆಳಗಿನ 7ರಿಂದ ಸಂಜೆಯ 6ರ ವರೆಗಿನ 11 ತಾಸುಗಳ ದಿನವಾಗಿದ್ದಿತು. ಆದುದರಿಂದ ನಮ್ಮಲ್ಲಿ ‘ಬೇಗ’ ಎಂದರೆ ಮೊದಲಿನ ತಾಸುಗಳೆಂದೇ ಅರ್ಥ.

ಈ 11 ತಾಸುಗಳ ಲೆಕ್ಕವನ್ನು ನೋಡಿರಿ. ಒಂದು ಮತಗಟ್ಟೆಗೆ 1,200ಕ್ಕಿಂತ ಹೆಚ್ಚು ಮತದಾರರಿರಬಾರದೆಂದು ಚುನಾವಣಾ ಆಯೋಗವು 2025ರಲ್ಲಿ ನಿಶ್ಚಯಿಸಿತು. ಅಷ್ಟು ಜನರೂ ಬಂದರೆ ಒಬ್ಬೊಬ್ಬರಿಗೆ ದೊರೆಯುವದು 33 ಸೆಕೆಂಡು. ಹೆಸರು ನೋಡುವದು, ಸಹಿ ಮಾಡಿಸುವದು, ಬೆರಳಿಗೆ ಶಾಯಿ ಹಚ್ಚುವದು, ಗುಂಡಿ ಒತ್ತಿದ ಮೇಲೆ ವಿವಿಪ್ಯಾಟ್ ಯಂತ್ರದ ಗಾಜಿನ ಹಿಂದೆ 7 ಸೆಕೆಂಡು ಚೀಟಿಯನ್ನು ಕಾಣುವದು, ಇವೆಲ್ಲ ಅಷ್ಟರಲ್ಲಿ ಆಗಬೇಕು. ಅವರಲ್ಲಿ ಅರ್ಧದಷ್ಟು ಜನರು ಕಡೆಯ 2 ತಾಸುಗಳಿಗೆ ಉಳಿದರೆ ಒಬ್ಬೊಬ್ಬರ ಪಾಲಿಗೆ ಬರುವದು 12 ಸೆಕೆಂಡು. ಇದು ಆಗದ ಕೆಲಸ. 6 ಗಂಟೆಗೆ ಪಾಳಿಯಲ್ಲಿ ನಿಂತವರೆಲ್ಲರಿಗೂ ಚೀಟಿ ಕೊಟ್ಟು ಮತ ಹಾಕಿಸುವ ನಿಯಮವು ಇದೆ, ನಿಜ. ಆದರೆ ಕೂಸು ಕಟ್ಟಿಕೊಂಡ ತಾಯಿಯೂ ಮೊಣಕಾಲು ನೋವಿನ ಮುದುಕನೂ ಎಷ್ಟು ಹೊತ್ತು ನಿಂತಾರು? ಗಟ್ಟಿಯಾದವನು ಬೆಳಗ್ಗೆಯೇ ಬಂದು ಹೋದರೆ ಅವನು ತನ್ನ ಮತವನ್ನಷ್ಟೇ ಅಲ್ಲ, ನೆರೆಯವನ ಮತವನ್ನೂ ಉಳಿಸಿದಂತಾಗುವದು.

ಎರಡನೆಯದು ಬಿಸಿಲು. ಬಾಗಲಕೋಟೆ ಜಿಲ್ಲೆಯಲ್ಲಿ 2023ರ ಮತದಾನವು ಮೇ 10ರಂದು, 2024ರದು ಮೇ 7ರಂದು ನಡೆಯಿತು. ವೈಶಾಖದಲ್ಲಿ ನಮ್ಮ ಕಡೆಯ ಬಿಸಿಲು 40 ಡಿಗ್ರಿಯ ಸಮೀಪಕ್ಕೆ ಏರುವದನ್ನು ಯಾರಿಗೂ ಹೇಳಬೇಕಾಗಿಲ್ಲ. ಐಹೊಳೆಯಂಥ ಕಲ್ಲಿನ ನೆಲದಲ್ಲಿ ಹನ್ನೊಂದು ಗಂಟೆಯ ಮೇಲೆ ಕಾಲಿಡುವದೇ ಕಷ್ಟ. 2024ರ ಜೂನ್ 1ರಂದು ಉತ್ತರ ಪ್ರದೇಶದಲ್ಲಿ ಬಿಸಿಲಿನ ಬೇಗೆಗೆ 33 ಮಂದಿ ಚುನಾವಣಾ ಸಿಬ್ಬಂದಿಯೇ ತೀರಿಕೊಂಡರೆಂದು ಅಲ್ಲಿಯ ಮುಖ್ಯ ಚುನಾವಣಾಧಿಕಾರಿಗಳು ತಿಳಿಸಿದರು. ಕರ್ತವ್ಯದ ಮೇಲಿದ್ದವರ ಗತಿಯೇ ಹೀಗಾದರೆ ಪಾಳಿಯಲ್ಲಿ ನಿಲ್ಲುವ ವೃದ್ಧರ ಗತಿಯೇನು? ತಂಪು ಹೊತ್ತಿನಲ್ಲಿ ಮತ ಹಾಕುವದು ಸೌಕರ್ಯದ ಮಾತಷ್ಟೇ ಅಲ್ಲ, ಜೀವದ ಮಾತೂ ಹೌದು.

ಮೂರನೆಯದು ತಪ್ಪು ತಿದ್ದಿಕೊಳ್ಳುವ ಅವಕಾಶ. ಮತಗಟ್ಟೆಗೆ ಹೋದ ಮೇಲೆ ‘ನಿಮ್ಮ ಹೆಸರು ಇಲ್ಲಿಲ್ಲ, ಪಕ್ಕದ ಶಾಲೆಯಲ್ಲಿದೆ’ ಎಂದು ತಿಳಿದರೆ, ಗುರುತಿನ ಚೀಟಿಯನ್ನು ಮರೆತಿದ್ದರೆ, ಬೆಳಗ್ಗೆ ಹೋದವನಿಗೆ ಮತ್ತೆ ಬರಲು ಹೊತ್ತು ಉಂಟು. ಐದೂಮುಕ್ಕಾಲಿಗೆ ಹೋದವನಿಗೆ ಇಲ್ಲ. ಇನ್ನು, ನಿಮ್ಮ ಹೆಸರಿನಲ್ಲಿ ಬೇರೊಬ್ಬನು ಆಗಲೇ ಮತ ಹಾಕಿ ಹೋಗಿದ್ದರೆ ಕಾನೂನು ನಿಮಗೆ ಕಾಗದದ ಮತಪತ್ರವೊಂದನ್ನು ಕೊಡುತ್ತದೆ. ಆದರೆ ಅದನ್ನು ಬೇರೆ ಲಕೋಟೆಯಲ್ಲಿ ಇಡುವರು. ಸಾಮಾನ್ಯ ಎಣಿಕೆಯಲ್ಲಿ ಅದು ಸೇರದು. ಕಳ್ಳಮತಕ್ಕೆ ಅತ್ಯುತ್ತಮವಾದ ಕೀಲಿಯೆಂದರೆ ಒಡೆಯನು ಮೊದಲೇ ಬಂದು ಬಾಗಿಲಲ್ಲಿ ನಿಲ್ಲುವದು.

ನಾಲ್ಕನೆಯ ಕಾರಣವನ್ನು ಬಿಚ್ಚಿ ಹೇಳುವದು ಲೇಸು. ಮಧ್ಯಾಹ್ನವಾಗುತ್ತಲೇ ಪಕ್ಷಗಳ ಕಾರ್ಯಕರ್ತರು ಯಾದಿಯನ್ನು ಹಿಡಿದು ಯಾರು ಬಂದಿಲ್ಲವೆಂದು ನೋಡತೊಡಗುತ್ತಾರೆ. ಆ ಮೇಲೆ ಮನೆಮನೆಗೆ ಗಾಡಿ, ಒತ್ತಾಯ, ಋಣದ ನೆನಪು, ಕೆಲವೆಡೆ ದುಡ್ಡಿನ ಆಸೆ. ಬೆಳಗ್ಗೆಯೇ ತನ್ನ ಕಾಲಿನಿಂದ ನಡೆದು ಹೋಗಿ ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಬಂದವನ ಮನೆಯ ಕದವನ್ನು ಯಾವ ಗಾಡಿಯೂ ತಟ್ಟುವದಿಲ್ಲ.

‘ಬೆಳಗ್ಗೆ ಹಾಲು ಕರೆಯಬೇಕು, ರೊಟ್ಟಿ ಬಡಿಯಬೇಕು, ಕೂಲಿಗೆ ಹೋಗಬೇಕು’ ಎಂಬ ಆಕ್ಷೇಪವು ಸುಳ್ಳಲ್ಲ. ಇದಕ್ಕೆ ಉತ್ತರ ಕೊಡಬೇಕಾದವರು ಬಡವರಲ್ಲ, ನಾವು ಪಟ್ಟಣಿಗರು ಮತ್ತು ಅಧಿಕಾರಿಗಳು. ಜನತಾ ಪ್ರಾತಿನಿಧ್ಯ ಕಾಯಿದೆಯ 135-ಬಿ ಕಲಮಿನ ಪ್ರಕಾರ ಮತದಾನದ ದಿವಸ ಕೆಲಸಗಾರನಿಗೆ ಸಂಬಳಸಹಿತ ರಜೆಯುಂಟು, ದಿನಗೂಲಿಯವನಿಗೂ ಉಂಟು. ಇಳಕಲ್ಲಿನ ಸೀರೆಯ ಮಗ್ಗದವರೂ ಗುಳೇದಗುಡ್ಡದ ಖಣದ ವ್ಯಾಪಾರಿಗಳೂ ಕಲ್ಲಿನ ಕಾರಖಾನೆಗಳ ಮಾಲಕರೂ ಇದನ್ನು ಮನಸಾರೆ ನಡೆಸಬೇಕು. ಮನೆಯ ಗಂಡಸರು ಒಂದು ದಿನ ಒಲೆಯ ಮತ್ತು ಕೊಟ್ಟಿಗೆಯ ಕೆಲಸಕ್ಕೆ ಕೈ ಹಚ್ಚಿ ಹೆಂಗಸರನ್ನು ಮೊದಲಿಗೆ ಕಳಿಸಬೇಕು. ಗೋವೆಗೂ ಬೆಂಗಳೂರಿಗೂ ದುಡಿಯಲು ಹೋದ ಮಕ್ಕಳಿಗೆ ಮನೆಯವರು ವಾರ ಮೊದಲೇ ಹೇಳಿ ಕಳುಹಿಸಬೇಕು. ಅಧಿಕಾರಿಗಳು ನೆರಳು, ಕುಡಿಯುವ ನೀರು, ಕೂಡ್ರಲು ಬಾಂಕುಗಳ ಏರ್ಪಾಡನ್ನು ಹಿಂದಿನ ದಿನವೇ ಮುಗಿಸಿ, ಪರೀಕ್ಷಾ ಮತದಾನವನ್ನು ಹೊತ್ತಿಗೆ ಸರಿಯಾಗಿ ತೊಡಗಿ, 7 ಗಂಟೆಗೆ ಬಾಗಿಲು ತೆರೆಯಬೇಕು.

ಬೇಗನೆ ಬರುವ ಕೆಲಸವು ಮತದಾನದ ದಿನದಿಂದ ಆರಂಭವಾಗುವದಿಲ್ಲ, ಯಾದಿಯಿಂದ ಆರಂಭವಾಗುವದು. ಮೊದಲನೆಯ ಚುನಾವಣೆಗೆ ‘ಇಂಥವನ ಹೆಂಡತಿ, ಇಂಥವನ ಮಗಳು’ ಎಂದಷ್ಟೇ ಬರೆಯಿಸಿ, ಸ್ವಂತ ಹೆಸರು ಹೇಳದ ಕಾರಣ ದೇಶದಲ್ಲಿ ಸುಮಾರು 28 ಲಕ್ಷ ಸ್ತ್ರೀಯರು ಯಾದಿಯಿಂದ ಹೊರಗುಳಿದರು. ಈಗ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳುಗಳ ಒಂದನೆಯ ದಿನಕ್ಕೆ 18 ತುಂಬಿದವರು ಹೆಸರು ಸೇರಿಸಬಹುದು. ನಾಮಪತ್ರ ಸಲ್ಲಿಸುವ ಕಡೆಯ ದಿನವು ದಾಟಿದ ಮೇಲೆ ಆ ಚುನಾವಣೆಗೆ ಹೆಸರು ಸೇರದು.

‘ನನ್ನದೊಂದು ಮತದಿಂದ ಏನಾದೀತು?’ ಎನ್ನುವವರು 2004ರ ಸಂತೇಮರಹಳ್ಳಿಯನ್ನು ನೆನೆಯಲಿ. ಅಲ್ಲಿ ಆರ್. ಧ್ರುವನಾರಾಯಣರು ಗೆದ್ದುದು ಒಂದೇ ಮತದಿಂದ. 2023ರಲ್ಲಿ ಬೆಂಗಳೂರಿನ ಜಯನಗರವು ತೀರ್ಮಾನವಾದುದು 16 ಮತಗಳಿಂದ. ಆದರೂ 2024ರಲ್ಲಿ ರಾಜ್ಯದಲ್ಲಿ ನೂರಕ್ಕೆ 70ರಷ್ಟು ಜನ ಮತ ಹಾಕಿದಾಗ ಬೆಂಗಳೂರು ಉತ್ತರ, ಕೇಂದ್ರ, ದಕ್ಷಿಣ ಮೂರೂ ಲೋಕಸಭಾ ಕ್ಷೇತ್ರಗಳು 55ನ್ನು ಮುಟ್ಟಲಿಲ್ಲ. ಓದುಬಲ್ಲ ಪಟ್ಟಣಿಗರು ಹಳ್ಳಿಯವರಿಗೆ ಬುದ್ಧಿ ಹೇಳುವ ಮೊದಲು ಈ ಅಂಕಿಗಳನ್ನು ನೋಡಿಕೊಳ್ಳುವದು ಒಳ್ಳೆಯದು.

ನಮ್ಮ ದೇಶದ ಮೊದಲನೆಯ ಚುನಾವಣೆಯೇ ಬೇಗನೆ ಮತ ಹಾಕಿದವರಿಂದ ಆರಂಭವಾಯಿತು. ಹಿಮಾಚಲದ ಚಿನಿ ಎಂಬ ಊರಿನಲ್ಲಿ, ಈಗಿನ ಕಲ್ಪಾದಲ್ಲಿ, ಹಿಮ ಬಿದ್ದು ದಾರಿ ಮುಚ್ಚುವ ಮೊದಲು ಮತದಾನವಾಗಲೆಂದು ದೇಶಕ್ಕಿಂತ ತಿಂಗಳುಗಳ ಮೊದಲೇ, 1951ರ ಅಕ್ಟೋಬರ್ 25ರಂದು ಮತಗಟ್ಟೆಯನ್ನು ತೆರೆದರು. ಶ್ಯಾಮ್ ಸರಣ್ ನೇಗಿ ಎಂಬ ಶಾಲಾಮಾಸ್ತರರು ಬೆಳಗ್ಗೆಯೇ ಹೋಗಿ ಎಲ್ಲರಿಗಿಂತ ಮೊದಲು ಮತ ಹಾಕಿದರು. 2022ರ ನವೆಂಬರ್ 2ರಂದು ತಮ್ಮ ಕಡೆಯ ಮತವನ್ನು ಮನೆಯಿಂದ ಕೊಟ್ಟು, ಮೂರು ದಿನಗಳ ಮೇಲೆ ಅವರು ತೀರಿಕೊಂಡರು. ಅವರು ಹಿಮಕ್ಕಿಂತ ಮೊದಲು ಹೋದರು. ನಾವು ಬಿಸಿಲಿಗಿಂತ ಮೊದಲು ಹೋಗಲಾರೆವೆ? ಇನ್ನು ಬರುವ ಚುನಾವಣೆಯು ಗ್ರಾಮಪಂಚಾಯಿತಿಯದಿರಲಿ, ಲೋಕಸಭೆಯದಿರಲಿ, ಆ ದಿನದ ಮೊದಲ ಕೆಲಸವು ಮತವಾಗಲಿ. ಉಳಿದ ಕೆಲಸಗಳು ಅದರ ತರುವಾಯ ಆಗಲಿ.